ಅಣೆಕಟ್ಟೆಯ ಈಚೆ, ಹಿನ್ನೀರಿನ ಆಚೆ: ನಮ್ಮೂರ ಟಿವಿ ಕಟ್ಟುವ ಬಗೆ

2022ರ ಸೆಪ್ಟೆಂಬರಿನಲ್ಲಿ ನಮ್ಮ ಚಿತ್ರದುರ್ಗ ಜಿಲ್ಲೆಯ ವಾಣಿವಿಲಾಸ ಸಾಗರ ಕೋಡಿ ಬಿತ್ತು. 1907ರಲ್ಲಿ ಕೆಲಸ ಮುಗಿದ ಅದರ ಮಾರಿಕಣಿವೆ ಅಣೆಕಟ್ಟೆ 130 ಅಡಿ ತುಂಬಿ ಹರಿದದ್ದು 1933ರ ಬಳಿಕ ಅದೇ ಮೊದಲು. ಹಿರಿಯೂರಿನ ಕಡೆ ಮೂರು ತಲೆಮಾರು ಕಾದಿದ್ದ ನೀರು ಅದು. ಜನ ಲಾರಿ, ಟ್ರ್ಯಾಕ್ಟರ್ ಹತ್ತಿ ಬಂದು ನೋಡಿದರು, ಹೂ ಎರಚಿದರು, ಅತ್ತರು. ಬೆಂಗಳೂರಿನ ಚಾನೆಲ್‌ಗಳೂ ಬಂದವು, ಕೋಡಿಯ ಬಿಳಿ ನೊರೆಯನ್ನು ನಾಡಿಗೆಲ್ಲ ತೋರಿಸಿದವು. ಅದೇ ದಿನಗಳಲ್ಲಿ ಅಣೆಕಟ್ಟೆಯ ಹಿಂಬದಿಯಲ್ಲಿ, ಹೊಸದುರ್ಗ ತಾಲ್ಲೂಕಿನ ಅಂಚಿನ ಊರುಗಳಲ್ಲಿ, ತೆಂಗು ಅಡಿಕೆ ತೋಟಗಳೊಳಗೆ ಹಿನ್ನೀರು ನಿಂತಿತ್ತು. ಅಲ್ಲಿನವರು ಪರಿಹಾರ ಕೇಳಿದರು, ನೀರಿನ ಮಟ್ಟ ತಗ್ಗಿಸಿ ಎಂದರು. ಇತ್ತ ಹಿರಿಯೂರಿನವರು ಒಂದು ಅಡಿಯೂ ತಗ್ಗಿಸಕೂಡದು ಎಂದರು. 2025ರ ಜನವರಿಯಲ್ಲಿ ಕೆರೆ ಮತ್ತೆ ತುಂಬಿ ಹರಿದಾಗಲೂ ಎರಡು ತಾಲ್ಲೂಕಿನ ಮನಸ್ಸು ಎರಡು ಕಡೆಗಿತ್ತು.

ಇಬ್ಬರ ಮಾತೂ ನಿಜ. ಆದರೆ ಹಿರಿಯೂರಿನ ರೈತನ ಮಾತನ್ನು ಹೊಸದುರ್ಗದ ರೈತ ಕೂತು ಕೇಳುವ, ಹೊಸದುರ್ಗದವನ ಮುಳುಗಿದ ತೋಟವನ್ನು ಹಿರಿಯೂರಿನವನು ಕಣ್ಣಾರೆ ನೋಡುವ ಒಂದು ಜಾಗ ನಮ್ಮ ಜಿಲ್ಲೆಯಲ್ಲಿಲ್ಲ. ರಾಜ್ಯಮಟ್ಟದ ಚಾನೆಲ್‌ಗೆ ಇದು ಎರಡು ನಿಮಿಷದ ಸುದ್ದಿ, ಮರುದಿನ ಮುಗಿಯಿತು. ಊರಿನ ಟಿವಿ ಬೇಕಿರುವುದು ಇಲ್ಲಿ. ಅದು ನೀರು ಬಂದ ದಿನ ಹೋಗುತ್ತದೆ, ನೀರು ಇಳಿದ ಮೇಲೂ ಹೋಗುತ್ತದೆ, ತೆಗೆದದ್ದನ್ನು ಆ ಊರಿನ ಮುಂದೆಯೇ ತೋರಿಸಿ, ಇದು ಸರಿಯಾ ಎಂದು ಕೇಳುತ್ತದೆ. ಮತ್ತೆ ಮತ್ತೆ ಅದೇ ಜಾಗಕ್ಕೆ ಹೋಗುವುದು, ತೆಗೆದ ಊರಿನಲ್ಲೇ ಮೊದಲು ತೋರಿಸುವುದು: ಈ ಎರಡು ಇದ್ದರೆ ಅದು ಸಮುದಾಯ ಟಿವಿ, ಇಲ್ಲದಿದ್ದರೆ ಸಣ್ಣ ಪ್ರಮಾಣದ ಇನ್ನೊಂದು ಚಾನೆಲ್ ಅಷ್ಟೇ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಯುವಕ ಯುವತಿಯರು, ಮೇಷ್ಟ್ರು, ಸ್ತ್ರೀಶಕ್ತಿ ಸಂಘದವರು ಸೇರಿ ಇಂಥದ್ದೊಂದನ್ನು ಹೇಗೆ ಕಟ್ಟಬಹುದು ಎಂಬುದೇ ಈ ಬರಹ.

ಮೊದಲು ಮಾಡಿದವರು

ಹಳ್ಳಿಗೆ ಟಿವಿ ಬಂದ ಮೊದಲ ದಿನಗಳಲ್ಲೇ ಕರ್ನಾಟಕ ಇತ್ತು. 1975ರ ಆಗಸ್ಟಿನಿಂದ ಒಂದು ವರ್ಷ ನಡೆದ ‘ಸೈಟ್’ ಪ್ರಯೋಗದಲ್ಲಿ, ಅಮೆರಿಕದಿಂದ ಎರವಲು ಪಡೆದ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮ ತಲುಪಿತು. ನಮ್ಮಲ್ಲಿ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಯ ಹಳ್ಳಿಗಳು ಅದರಲ್ಲಿದ್ದವು. ಊರಿಗೊಂದು ಪೆಟ್ಟಿಗೆ, ಅದರ ಮುಂದೆ ಊರೆಲ್ಲ. ಆದರೆ ಕನ್ನಡದ ಕಾರ್ಯಕ್ರಮ ತಯಾರಾಗುತ್ತಿದ್ದುದು ಹೈದರಾಬಾದಿನಲ್ಲಿ. ಹಳ್ಳಿ ನೋಡಿತು, ಮಾತಾಡಲಿಲ್ಲ.

ಅದೇ ಹೊತ್ತಿಗೆ ಶುರುವಾದ ಗುಜರಾತಿನ ಖೇಡಾ ಯೋಜನೆ ಬೇರೆ ದಾರಿ ಹಿಡಿಯಿತು. ಪಿಜ್ ಎಂಬ ಊರಿನ ಸಣ್ಣ ಟ್ರಾನ್ಸ್‌ಮಿಟರ್‌ನಿಂದ ಖೇಡಾ ಜಿಲ್ಲೆಗಷ್ಟೇ ಪ್ರಸಾರ. ಇಸ್ರೋದವರು ಹಳ್ಳಿಗರ ಜೊತೆ ಕೂತು ಕತೆ ಕಟ್ಟಿದರು. ಜಾತಿಯ ದಬ್ಬಾಳಿಕೆ, ಕೂಲಿಯ ಅನ್ಯಾಯ, ಹೆಂಗಸರ ಪಾಡು, ಎಲ್ಲ ಆ ಊರುಗಳದ್ದೇ, ನಟಿಸಿದವರೂ ಬಹುಪಾಲು ಅಲ್ಲಿನವರೇ. 1984ರಲ್ಲಿ ಯುನೆಸ್ಕೊ ಅದಕ್ಕೆ ಗ್ರಾಮೀಣ ಸಂವಹನದ ಪ್ರಶಸ್ತಿ ಕೊಟ್ಟಿತು. ನಮ್ಮ ದೇಶದಲ್ಲಿ ಸಮುದಾಯ ಟಿವಿ ಎಂದು ನಿಸ್ಸಂಕೋಚವಾಗಿ ಕರೆಯಬಹುದಾದದ್ದು ಅದೇ.

ಕನ್ನಡನಾಡಿನ ಹತ್ತಿರದ ಉದಾಹರಣೆ ಕೋಲಾರ ಜಿಲ್ಲೆ ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆ. ‘ವಾಯ್ಸಸ್’ ಮತ್ತು ‘ಮೈರಾಡ’ ಸಂಸ್ಥೆಗಳು ಯುನೆಸ್ಕೊ ನೆರವಿನಿಂದ ಅಲ್ಲಿ ಕಟ್ಟಿದ ‘ನಮ್ಮ ಧ್ವನಿ’ಗೆ ಬಾನುಲಿ ಪರವಾನಗಿ ಇರಲಿಲ್ಲ. ಸಮುದಾಯ ಸಂಘಗಳಿಗೆ ಎಫ್‌ಎಂ ಕೊಡುವ ನೀತಿಯೇ ಆಗ ಬಂದಿರಲಿಲ್ಲ. ಅವರು ಊರಿನ ಕೇಬಲ್ ತಂತಿಯನ್ನೇ ಹಿಡಿದರು. ಸಂಘದ ಹೆಂಗಸರು, ಹುಡುಗರು ರೆಕಾರ್ಡ್ ಮಾಡಿದ ಕಾರ್ಯಕ್ರಮ ಕೇಬಲ್ ಮೂಲಕ ಹರಿದು ಮನೆಮನೆಯ ಟಿವಿ ಪೆಟ್ಟಿಗೆಯಿಂದ ದನಿಯಾಗಿ ಬಂತು. ಬಾಗಿಲು ಮುಚ್ಚಿದ್ದರೆ ಕಿಟಕಿ ಹುಡುಕಬೇಕು ಎಂಬುದನ್ನು ಅವರಿಂದ ಕಲಿಯಬಹುದು.

ಬೀದರಿಗೆ ತಾಗಿದಂತಿರುವ ತೆಲಂಗಾಣದ ಜಹೀರಾಬಾದ್ ಬಳಿ, ಪಸ್ತಾಪುರದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ದಲಿತ ಹೆಣ್ಣುಮಕ್ಕಳು ಇನ್ನೂ ಮುಂದೆ ಹೋದರು. ಓದು ಬರಹ ಬಾರದವರೂ ಕ್ಯಾಮೆರಾ ಕಲಿತು, ಸಿರಿಧಾನ್ಯದ ಬೇಸಾಯದ ಬಗ್ಗೆ, ವಾರಂಗಲ್ ರೈತರನ್ನು ಕೆಡಿಸಿದ ಬಿಟಿ ಹತ್ತಿಯ ಬಗ್ಗೆ ಚಿತ್ರ ಮಾಡಿದರು. ಮೇಲಿನಿಂದ ಕೆಳಕ್ಕೆ ನೋಡುವ ಕ್ಯಾಮೆರಾ ಕೋನವನ್ನು ಅವರು ಪಟೇಲ್ ಷಾಟ್ ಎನ್ನುತ್ತಾರೆ, ಎದುರಿನವರ ಕಣ್ಣಿಗೆ ಸಮನಾಗಿ ಇಡುವುದನ್ನು ಸಂಘಂ ಷಾಟ್ ಎನ್ನುತ್ತಾರೆ. ನೆಲದ ಮೇಲೆ ಕೂತ ಅಜ್ಜಿಯನ್ನು ಮಾತಾಡಿಸುವಾಗ ನೀವೂ ನೆಲದ ಮೇಲೆ ಕೂತು ತೆಗೆಯಿರಿ. ಚಿತ್ರದುರ್ಗದ ಯಾವ ಹಟ್ಟಿಗೆ ಹೋದರೂ ಹೊಸಬರಿಗೆ ಹೇಳಿಕೊಡಬೇಕಾದ ಮೊದಲ ಪಾಠ ಇದು.

ಕಾನೂನಿನ ದಾರಿ

ಬಾನಿನ ಅಲೆಗಳು ಜನರ ಸ್ವತ್ತು ಎಂದು ಸುಪ್ರೀಂ ಕೋರ್ಟ್ 1995ರ ಫೆಬ್ರುವರಿಯಲ್ಲಿ ಹೇಳಿತು. ಆ ಮಾತಿನ ಬಲದಿಂದ ಸಮುದಾಯ ಬಾನುಲಿ ಬಂತು. 2006ರಿಂದ ಸಂಘಸಂಸ್ಥೆಗಳಿಗೂ ಅದರ ಪರವಾನಗಿ ಸಿಗುತ್ತಿದೆ. ಟಿವಿಗೆ ಮಾತ್ರ ಅಂಥ ಪರವಾನಗಿ ಇವತ್ತಿಗೂ ಇಲ್ಲ. ಇದು ಸರಿಯಲ್ಲ, ಕೇಳುತ್ತಲೇ ಇರಬೇಕಾದ ಹಕ್ಕು ಇದು. ಅಲ್ಲಿಯವರೆಗೆ ಮೂರು ದಾರಿ ಇವೆ.

ಒಂದು, ಕೇಬಲ್. ಕೇಂದ್ರ ವಾರ್ತಾ ಸಚಿವಾಲಯದಲ್ಲಿ ನೋಂದಾಯಿಸಿದ ಎಂಎಸ್‌ಒಗಳು, ಅಂದರೆ ಊರಿನ ಆಪರೇಟರ್‌ಗೆ ಸಿಗ್ನಲ್ ಕೊಡುವ ದೊಡ್ಡ ಕೇಬಲ್ ಸಂಸ್ಥೆಗಳು, ತಮ್ಮದೇ ಸ್ಥಳೀಯ ಚಾನೆಲ್ ನಡೆಸಬಹುದು. 2022ರ ನವೆಂಬರ್ 30ರ ಮಾರ್ಗಸೂಚಿ ಇದನ್ನು ‘ಪ್ಲಾಟ್‌ಫಾರ್ಮ್ ಸರ್ವಿಸ್’ ಎನ್ನುತ್ತದೆ. ಒಂದು ಚಾನೆಲ್‌ಗೆ ನೋಂದಣಿ ಶುಲ್ಕ 1,000 ರೂಪಾಯಿ. ಆದರೆ ಸ್ಥಳೀಯ ಸುದ್ದಿ, ವಿದ್ಯಮಾನ ಪ್ರಸಾರ ಮಾಡಬೇಕಾದರೆ ಆ ಎಂಎಸ್‌ಒ ಕಂಪನಿಯಾಗಿ ನೋಂದಾಯಿತವಾಗಿರಬೇಕು, ಪ್ರಸಾರವಾದದ್ದರ ರೆಕಾರ್ಡಿಂಗನ್ನು 90 ದಿನ ಇಟ್ಟಿರಬೇಕು. ನಿಮ್ಮ ಊರಿನ ಕೇಬಲ್‌ನವರನ್ನು ಮೊದಲು ಕೇಳಬೇಕಾದ್ದು ಇದನ್ನೇ: ನಿಮ್ಮ ಲೋಕಲ್ ಚಾನೆಲ್ ಯಾರ ಹೆಸರಲ್ಲಿ ನೋಂದಣಿಯಾಗಿದೆ, ಸುದ್ದಿಗೆ ಅವಕಾಶ ಇದೆಯೇ? ಇದೆ ಎಂದರೆ ವಾರಕ್ಕೆ ಅರ್ಧ ಗಂಟೆ ಕೇಳಿ. ಹಬ್ಬದ ಶುಭಾಶಯ, ಹಳೆಯ ಸಿನಿಮಾ ಹಾಡುಗಳ ನಡುವೆ ಅರ್ಧ ಗಂಟೆ ಬಿಟ್ಟುಕೊಡಲು ಹೆಚ್ಚಿನವರು ಒಪ್ಪುತ್ತಾರೆ, ಏಕೆಂದರೆ ಊರಿನ ಮುಖ ಟಿವಿಯಲ್ಲಿ ಬಂದರೆ ಊರು ನೋಡುತ್ತದೆ. ಒಪ್ಪಂದ ಮಾತ್ರ ಕಾಗದದ ಮೇಲಿರಲಿ: ನೀವು ಕೊಟ್ಟ ಕಾರ್ಯಕ್ರಮಕ್ಕೆ ಕತ್ತರಿ ಹಾಕುವ ಮುನ್ನ ನಿಮಗೆ ಹೇಳಬೇಕು ಎಂಬುದು ಅದರಲ್ಲಿ ಇರಲೇಬೇಕು.

ಎರಡು, ಯೂಟ್ಯೂಬ್. ಇಲ್ಲಿ ಪರವಾನಗಿ ಬೇಡ, ಆದರೆ ಸುದ್ದಿ ಕೊಡುವವರಿಗೆ 2021ರ ಮಾಹಿತಿ ತಂತ್ರಜ್ಞಾನ ನಿಯಮಗಳು ಅನ್ವಯಿಸುತ್ತವೆ. ದೂರು ಕೇಳುವ ಒಬ್ಬರ ಹೆಸರು, ಇಮೇಲ್ ಪ್ರಕಟಿಸಿ, ಬಂದ ದೂರಿಗೆ 15 ದಿನದೊಳಗೆ ಉತ್ತರ ಕೊಡಿ. ನಿಯಮಕ್ಕಾಗಿ ಅಲ್ಲದಿದ್ದರೂ ಮಾನಕ್ಕಾಗಿ ಇದನ್ನು ಮಾಡಿ.

ಮೂರು, ಗೋಡೆ. ಶಾಲೆಯ ಬಿಳಿ ಗೋಡೆ, ಬಾಡಿಗೆಯ ಪ್ರೊಜೆಕ್ಟರ್, ಒಂದು ಸ್ಪೀಕರ್. ಮೂರರಲ್ಲಿ ನನಗೆ ಹೆಚ್ಚು ನಂಬಿಕೆ ಇದರ ಮೇಲೆ. ಬಯಲಲ್ಲಿ ಕೂತು ನೋಡುವ ಅಭ್ಯಾಸ ಈ ಜಿಲ್ಲೆಗೆ ಹೊಸದಲ್ಲ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಿಂದ 1997ರಲ್ಲಿ ಹೊರಟ ‘ಶಿವಸಂಚಾರ’ ತಿರುಗಾಟದ ನಾಟಕ ತಂಡ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮೀಜಿಯವರ ಆಸರೆಯಲ್ಲಿ ನಾಡೆಲ್ಲ ಸುತ್ತಿದೆ. ಅಲ್ಲಿನ ಬಯಲು ರಂಗಮಂದಿರದಲ್ಲಿ ಮೆಟ್ಟಿಲ ಮೇಲೆ ಕೂತು ನಾಟಕ ನೋಡಿ ಬೆಳೆದ ಹುಡುಗರಿಗೆ ಜನರ ಮುಂದೆ ಮಾತಾಡುವ ಭಯವಿಲ್ಲ. ಅಂಥವರು ನಿಮ್ಮ ತಂಡಕ್ಕೆ ಬೇಕು. ಧ್ವನಿವರ್ಧಕ ಹಾಕುವುದಾದರೆ ಪೊಲೀಸ್ ಠಾಣೆಯ ಅನುಮತಿ ಪಡೆಯಿರಿ, ರಾತ್ರಿ 10ಕ್ಕೆ ನಿಲ್ಲಿಸಿ.

ತಂಡ, ಫೋನು, ಗಾಳಿ

ತಾಲ್ಲೂಕಿಗೆ ಐದಾರು ಜನ ಸಾಕು, ಆದರೆ ಆ ಐದಾರು ಜನ ಒಂದೇ ಕೇರಿಯವರಾಗಬಾರದು. ದಲಿತ ಕೇರಿ, ಗೊಲ್ಲರಹಟ್ಟಿ, ಲಂಬಾಣಿ ತಾಂಡಾ, ಮುಸ್ಲಿಂ ಮೊಹಲ್ಲಾಗಳಿಂದ ಒಬ್ಬೊಬ್ಬರಾದರೂ ಇರಲಿ, ಅರ್ಧದಷ್ಟು ಹೆಣ್ಣುಮಕ್ಕಳಿರಲಿ. ಇದು ಬರೀ ಪ್ರಾತಿನಿಧ್ಯದ ಮಾತಲ್ಲ, ಕೆಲಸದ ಮಾತು. ಮುಟ್ಟಾದ ಹೆಣ್ಣುಮಕ್ಕಳನ್ನು, ಬಾಣಂತಿಯರನ್ನು ಹಟ್ಟಿಯ ಹೊರಗಿಡುವ ಪದ್ಧತಿ ಕಾಡುಗೊಲ್ಲರ ಕೆಲವು ಹಟ್ಟಿಗಳಲ್ಲಿ ಇನ್ನೂ ಇದೆ. ಹೊರಗಿನಿಂದ ಬಂದ ಗಂಡಸು ಕ್ಯಾಮೆರಾ ಹಿಡಿದು ಆ ಗುಡಿಸಲ ಮುಂದೆ ನಿಂತರೆ ಆಗುವುದು ಅವಮಾನ ಮಾತ್ರ. ಅದೇ ಹಟ್ಟಿಯ ಕಾಲೇಜು ಹುಡುಗಿ ತನ್ನ ಅಜ್ಜಿಯ ಜೊತೆ ಕೂತು, ಯಾಕೆ ಹೀಗೆ, ನಿನಗೇನಾಗಿತ್ತು ಎಂದು ಕೇಳಿದರೆ ಅದು ಹಟ್ಟಿಯೊಳಗಿನ ಮಾತುಕತೆಯಾಗುತ್ತದೆ. ಮುಖ ತೋರಿಸಬೇಕೇ ಬೇಡವೇ ಎಂಬುದನ್ನೂ ಅವರೇ ತೀರ್ಮಾನಿಸುತ್ತಾರೆ.

ಸಲಕರಣೆಗೆ ಸಾಲ ಮಾಡಬೇಡಿ. ಇರುವ ಫೋನು ಸಾಕು. ಕೊಳ್ಳಲೇಬೇಕಾದ್ದು ಎರಡು: ಕಾಲರಿಗೆ ಸಿಕ್ಕಿಸುವ ಮೈಕು, ಒಂದು ಟ್ರೈಪಾಡ್. ಚಿತ್ರ ಮಸುಕಾದರೂ ಜನ ನೋಡುತ್ತಾರೆ, ಮಾತು ಕೇಳಿಸದಿದ್ದರೆ ಎದ್ದು ಹೋಗುತ್ತಾರೆ. ದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಸುಮ್ಮನೆ ನಿಂತಿಲ್ಲ. ಆಷಾಢದ ಗಾಳಿಯಲ್ಲಿ ಬರೀ ಮೈಕು ಇಟ್ಟರೆ ಭರ್ರೆಂಬ ಸದ್ದಲ್ಲದೆ ಬೇರೇನೂ ಸಿಗದು. ಮೈಕಿಗೆ ತುಪ್ಪಳದ ಹೊದಿಕೆ ಹಾಕಿ, ಮಾತಾಡುವವರನ್ನು ಗೋಡೆಯ ಮರೆಗೆ ಕೂರಿಸಿ, ಇಯರ್‌ಫೋನ್ ಹಾಕಿಕೊಂಡು ಹತ್ತು ಸೆಕೆಂಡ್ ಕೇಳಿ ನೋಡಿ, ಆಮೇಲೆ ಶುರು ಮಾಡಿ. ಫೋನನ್ನು ವಿಮಾನ ಮೋಡ್‌ಗೆ ಹಾಕಿ, ಇಲ್ಲದಿದ್ದರೆ ಒಳ್ಳೆಯ ಮಾತಿನ ನಡುವೆ ಯಾರದೋ ಕರೆ ಬರುತ್ತದೆ. ಸೆಕೆಂಡಿಗೆ 25 ಫ್ರೇಮ್ ಇಡಿ, ಆಗ ನಮ್ಮ ಟ್ಯೂಬ್‌ಲೈಟ್‌ಗಳ ಮಿನುಗು ಚಿತ್ರದಲ್ಲಿ ಕಾಣದು. ಫೋನು ಅಡ್ಡ ಹಿಡಿಯಿರಿ. ಪ್ರತಿ ಷಾಟನ್ನು ಹತ್ತು ಸೆಕೆಂಡ್ ಅಲುಗಾಡದಂತೆ ನಿಲ್ಲಿಸಿ. ದೂರದಿಂದ ಊರು, ಹತ್ತಿರದಿಂದ ಮುಖ, ಇನ್ನೂ ಹತ್ತಿರದಿಂದ ಕೈ, ನಲ್ಲಿ, ಕಾಗದ. ಸಂಕಲನಕ್ಕೆ ಕೆಡೆನ್‌ಲೈವ್, ಓಪನ್‌ಶಾಟ್‌ನಂಥ ಉಚಿತ ತಂತ್ರಾಂಶಗಳಿವೆ. ಹೆಸರುಗಳನ್ನು ಯೂನಿಕೋಡ್ ಕನ್ನಡದಲ್ಲೇ ಬರೆಯಿರಿ. ಲಂಬಾಣಿ, ತೆಲುಗು, ಉರ್ದುವಿನಲ್ಲಿ ಮಾತಾಡುವವರು ಅವರ ಮಾತಿನಲ್ಲೇ ಆಡಲಿ, ಕೆಳಗೆ ಕನ್ನಡದ ಸಾಲು ಬರಲಿ.

ಡ್ರೋನ್ ಆಸೆ ಎಲ್ಲರಿಗೂ ಇರುತ್ತದೆ. ಆದರೆ ಚಳ್ಳಕೆರೆಯ ವರವು ಕಾವಲಿನಲ್ಲಿ ಡಿಆರ್‌ಡಿಒ ವಿಮಾನ ಪರೀಕ್ಷಾ ವಲಯ 2017ರಿಂದ ಇದೆ. ಎಲ್ಲಿ ಹಾರಿಸಬಹುದೆಂದು ತೋರಿಸುವ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಜಾಗದ ಬಣ್ಣ ನೋಡದೆ ಎಲ್ಲೂ ಹಾರಿಸಬೇಡಿ. ಚಿತ್ರದುರ್ಗದ ಕೋಟೆಯಲ್ಲಿ ಪುರಾತತ್ವ ಇಲಾಖೆಯ, ಜೋಗಿಮಟ್ಟಿ ವನ್ಯಧಾಮದಲ್ಲಿ ಅರಣ್ಯ ಇಲಾಖೆಯ ಅನುಮತಿ ಮೊದಲೇ ಪಡೆಯಿರಿ.

ಯಾವುದನ್ನು ತೆಗೆಯಬೇಕು

ನೀರಿನಿಂದ ಶುರು ಮಾಡಿ. 2023ರ ಆಗಸ್ಟಿನಲ್ಲಿ ಚಿತ್ರದುರ್ಗ ನಗರದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಸಾಲುಸಾಲಾಗಿ ಆಸ್ಪತ್ರೆ ಸೇರಿದರು, ಸಾವುಗಳೂ ಆದವು. ಆಗ ಎಲ್ಲ ಕ್ಯಾಮೆರಾಗಳೂ ಅಲ್ಲಿದ್ದವು. ಆದರೆ ಒಂದು ಕೇರಿಯ ನಲ್ಲಿ, ಟ್ಯಾಂಕು, ಚರಂಡಿ ಹೇಗಿವೆ ಎಂಬುದು ಸಾವಿಗಿಂತ ಮೊದಲೇ ಕಾಣುವಂಥದ್ದು. ಕೇರಿಯವರೇ ತಿಂಗಳಿಗೊಮ್ಮೆ ತೆಗೆದ ಒಂದು ನಿಮಿಷದ ಚಿತ್ರ ಅದನ್ನು ತೋರಿಸುತ್ತದೆ.

ಫ್ಲೋರೈಡ್ ಈ ಜಿಲ್ಲೆಯ ಹಳೆಯ ಪೀಡೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ನಡೆಯುತ್ತದೆ ಎನ್ನುತ್ತದೆ ಭಾರತೀಯ ಮಾನಕ. ಟಿಡಿಎಸ್ ಮೀಟರ್ ಅದ್ದಿ ನೀರು ಚೆನ್ನಾಗಿದೆ ಎನ್ನುವವರನ್ನು ನಂಬಬೇಡಿ, ಆ ಮೀಟರಿಗೆ ಫ್ಲೋರೈಡ್ ಬೇರೆಯಾಗಿ ಕಾಣದು. ಜಲಜೀವನ್ ಮಿಷನ್ ಅಡಿಯಲ್ಲಿ ಗ್ರಾಮ ಪಂಚಾಯಿತಿಗಳಿಗೆ ನೀರು ಪರೀಕ್ಷೆಯ ಕಿಟ್ ಕೊಟ್ಟು, ಊರಿನ ಹೆಣ್ಣುಮಕ್ಕಳಿಗೆ ತರಬೇತಿ ಕೊಡುವ ಕ್ರಮವಿದೆ. ನಿಮ್ಮ ಪಂಚಾಯಿತಿಯ ಕಿಟ್ ಎಲ್ಲಿದೆ ಎಂದು ಕೇಳುವುದೇ ಮೊದಲ ಸುದ್ದಿ. ತರಬೇತಾದ ಆ ಹೆಣ್ಣುಮಗಳು ಕೊಳವೆಬಾವಿಯ ನೀರನ್ನು ಸೀಸೆಗೆ ಹಾಕುವುದು, ಹನಿ ರಾಸಾಯನಿಕ ಬಿಡುವುದು, ಬಣ್ಣ ತಿರುಗುವುದು, ಅದನ್ನು ಪಟ್ಟಿಯ ಬಣ್ಣದ ಪಕ್ಕ ಹಿಡಿಯುವುದು, ಇಷ್ಟನ್ನು ಕತ್ತರಿಸದೆ ಒಂದೇ ಷಾಟಿನಲ್ಲಿ ತೆಗೆಯಿರಿ. ಬಾವಿ ಎಲ್ಲಿಯದು, ತಾರೀಕು ಎಷ್ಟು ಎಂದು ಆಕೆಯ ಬಾಯಲ್ಲೇ ಹೇಳಿಸಿ. ಆಮೇಲೆ ಅದೇ ನೀರನ್ನು ಜಿಲ್ಲಾ ಪ್ರಯೋಗಾಲಯಕ್ಕೆ ಕೊಟ್ಟು, ಬಂದ ವರದಿಯನ್ನು ಪಕ್ಕದಲ್ಲಿಟ್ಟು ತೋರಿಸಿ. ಕಿಟ್‌ನ ಬಣ್ಣ ಸುಳಿವು ಕೊಡುತ್ತದೆ, ಕಚೇರಿಯಲ್ಲಿ ನಿಲ್ಲುವುದು ವರದಿ.

ಹೊಳಲ್ಕೆರೆ, ಹೊಸದುರ್ಗ, ಚಿತ್ರದುರ್ಗ ತಾಲ್ಲೂಕುಗಳ ಹೆಸರು ಅಂತರ್ಜಲ ಅತಿಬಳಕೆಯ ಪಟ್ಟಿಯಲ್ಲಿ ವರ್ಷಗಳಿಂದ ಇದೆ. ಅಡಿಕೆ ತೋಟಕ್ಕಾಗಿ ಕೊರೆದು, ನೀರು ಸಿಗದೆ ಬಿಟ್ಟ ಬಾವಿಗಳು ಎಷ್ಟೋ. ಅವನ್ನು ಮುಚ್ಚಬೇಕೆಂದು ಸುಪ್ರೀಂ ಕೋರ್ಟ್ 2010ರಲ್ಲೇ ನಿರ್ದೇಶನ ಕೊಟ್ಟಿದೆ. ಶಾಲೆಯ ಮಕ್ಕಳಿಂದ ತಮ್ಮೂರಿನ ತೆರೆದ ಬಾವಿಗಳ ಜಾಗಗಳನ್ನು ಹೇಳಿಸಿ, ದೊಡ್ಡವರು ಹೋಗಿ ಚಿತ್ರ ತೆಗೆದು ಪಂಚಾಯಿತಿಗೆ ಕೊಡಿ. ಮುಚ್ಚಿದ ಮೇಲೂ ಹೋಗಿ ತೆಗೆಯಿರಿ.

ಭದ್ರಾ ಮೇಲ್ದಂಡೆ ಯೋಜನೆಗೆ ಬೇರೆ ಬಗೆಯ ತಾಳ್ಮೆ ಬೇಕು. 2,25,515 ಹೆಕ್ಟೇರಿಗೆ ಹನಿ ನೀರಾವರಿ, 367 ಕೆರೆಗಳಿಗೆ ನೀರು ಎಂಬುದು ಅದರ ಕಾಗದದ ಲೆಕ್ಕ. 2023–24ರ ಕೇಂದ್ರ ಬಜೆಟ್ಟಿನಲ್ಲಿ 5,300 ಕೋಟಿ ರೂಪಾಯಿ ಘೋಷಣೆಯಾಯಿತು, ಆ ಹಣಕ್ಕಾಗಿ ಜಿಲ್ಲೆಯಲ್ಲಿ ಬಂದ್, ಧರಣಿಗಳೂ ಆದವು. ಈ ಸುದ್ದಿಯನ್ನು ಭಾಷಣಗಳಲ್ಲಿ ಹಿಡಿಯಲಾಗದು. ನಿಮ್ಮ ಊರಿನ ಕೆರೆ ಆ ಪಟ್ಟಿಯಲ್ಲಿದೆಯೇ ನೋಡಿ. ಇದ್ದರೆ ಏರಿಯ ಮೇಲೆ ಒಂದು ಕಲ್ಲು ಗುರುತು ಮಾಡಿ, ಪ್ರತಿ ತಿಂಗಳ ಮೊದಲ ಭಾನುವಾರ ಅದೇ ಕಲ್ಲಿನ ಮೇಲೆ ಫೋನಿಟ್ಟು ಅದೇ ಚೌಕಟ್ಟಿನಲ್ಲಿ ತೆಗೆಯಿರಿ. ವರ್ಷ ಕಳೆದ ಮೇಲೆ ಹನ್ನೆರಡು ಚಿತ್ರ ಸೇರಿಸಿದರೆ ನೀರು ಬಂತೋ ಇಲ್ಲವೋ ಎಂದು ಯಾವ ಮಂತ್ರಿಯೂ ವಾದಿಸಬೇಕಿಲ್ಲ.

ಗಣಿಯ ವಿಷಯಕ್ಕೆ ಬಂದರೆ ಕಾಗದವೇ ಅರ್ಧ ಕೆಲಸ. ಭೀಮಸಮುದ್ರದ ಸುತ್ತಿನ ಅದಿರು ಲಾರಿ, ಕೆಂಪು ಧೂಳು ಕೂತ ಅಡಿಕೆ ಗರಿ, ಎಲ್ಲರೂ ತೆಗೆಯುತ್ತಾರೆ. 2011ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಗಣಿಗಾರಿಕೆ ನಿಲ್ಲಿಸಿದ ಕಾಲದಿಂದ ಆ ದೃಶ್ಯ ನಾವು ನೋಡಿದ್ದೇ. ನೋಡದಿರುವುದು ಪರಿಸರ ಅನುಮತಿ ಪತ್ರದ ಷರತ್ತುಗಳನ್ನು: ರಸ್ತೆಗೆ ನೀರು ಹೊಡೆಯಬೇಕು, ಲಾರಿಗೆ ಟಾರ್ಪಾಲು ಹೊದಿಸಬೇಕು, ಇತ್ಯಾದಿ. ಪತ್ರಗಳು ಕೇಂದ್ರದ ‘ಪರಿವೇಶ್’ ಜಾಲತಾಣದಲ್ಲಿ ಸಿಗುತ್ತವೆ. ಷರತ್ತನ್ನು ತೆರೆಯ ಮೇಲೆ ಬರೆದು, ಕೆಳಗೆ ರಸ್ತೆಯ ಇಂದಿನ ದೃಶ್ಯ ತೋರಿಸಿದರೆ ವ್ಯಾಖ್ಯಾನವೇ ಬೇಡ. ಹೊಸ ಗಣಿ ಅಥವಾ ಕಾರ್ಖಾನೆಗೆ ನಡೆಯುವ ಪರಿಸರ ಸಾರ್ವಜನಿಕ ಅಹವಾಲು ಸಭೆಗೆ 2006ರ ಅಧಿಸೂಚನೆಯಂತೆ ಕನಿಷ್ಠ 30 ದಿನ ಮೊದಲು ಪ್ರಕಟಣೆ ಕೊಡಬೇಕು, ವರದಿಯ ಸಾರಾಂಶ ಕನ್ನಡದಲ್ಲಿರಬೇಕು, ಸಭೆಯನ್ನು ಪೂರ್ತಿ ವಿಡಿಯೊ ಮಾಡಬೇಕು. ಆ ವಿಡಿಯೊ ಅವರ ಕೈಯಲ್ಲಿರುತ್ತದೆ, ನಿಮ್ಮದೂ ಒಂದಿರಲಿ. ಯಾರು ಏನು ಹೇಳಿದರು ಎಂಬ ತಕರಾರು ಬಂದಾಗ ಅದು ಬೇಕಾಗುತ್ತದೆ.

ಕಾಗದ ಕೊಡದಿದ್ದರೆ ಮಾಹಿತಿ ಹಕ್ಕು ಇದೆ. ಕರ್ನಾಟಕದಲ್ಲಿ ಶುಲ್ಕ 10 ರೂಪಾಯಿ, ಅರ್ಜಿ 150 ಪದ ಮೀರಬಾರದು, ಒಂದರಲ್ಲಿ ಒಂದೇ ವಿಷಯವಿರಬೇಕು, ಉತ್ತರಕ್ಕೆ 30 ದಿನ. “ಭ್ರಷ್ಟಾಚಾರದ ವಿವರ ಕೊಡಿ” ಎಂದು ಬರೆದರೆ ಏನೂ ಸಿಗದು. ಹೀಗೆ ಬರೆಯಿರಿ: “ನಮ್ಮ ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿ 2023–24 ಮತ್ತು 2024–25ರಲ್ಲಿ ಜಿಲ್ಲಾ ಖನಿಜ ಪ್ರತಿಷ್ಠಾನದ ಹಣದಿಂದ ಮಂಜೂರಾದ ಕಾಮಗಾರಿಗಳ ಪಟ್ಟಿ, ಪ್ರತಿಯೊಂದರ ಮೊತ್ತ, ಗುತ್ತಿಗೆದಾರರ ಹೆಸರು, ಕಾಮಗಾರಿ ಮುಗಿದ ದಿನಾಂಕ.” ಪಟ್ಟಿ ಬಂದ ಮೇಲೆ ಒಂದೊಂದು ಕಾಮಗಾರಿಯ ಜಾಗಕ್ಕೂ ಹೋಗಿ ನಿಲ್ಲಿ. ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗೆ ಪಂಚಾಯಿತಿಯಲ್ಲಿ ಜಮಾಬಂದಿ ನಡೆಯುತ್ತದೆ. ಲೆಕ್ಕವನ್ನು ಜನರ ಮುಂದಿಟ್ಟು ಕಾಮಗಾರಿ ತೋರಿಸಬೇಕಾದ ದಿನ ಅದು, ಬಹಳ ಕಡೆ ಐದು ಜನರ ಸಹಿಯಲ್ಲಿ ಮುಗಿಯುತ್ತದೆ. ಕ್ಯಾಮೆರಾ ಹೋದ ವರ್ಷ ಜನರೂ ಹೋಗುತ್ತಾರೆ.

ಶಾಂತಿಯ ಕೆಲಸ

ಇದು ಕಷ್ಟದ ಭಾಗ, ತುಂಬಾ ಜನ ಬಿಟ್ಟುಬಿಡುವ ಭಾಗವೂ ಹೌದು. ಮೆರವಣಿಗೆಯಲ್ಲಿ ಕಲ್ಲು ಬಿತ್ತಂತೆ, ಯಾರೋ ಹೊಡೆದರಂತೆ ಎಂಬ ಸುದ್ದಿ ವಾಟ್ಸ್‌ಆ್ಯಪಿನಲ್ಲಿ ಹರಿದಾಡುವ ಹೊತ್ತಿಗೆ ಊರಿನ ಟಿವಿ ಲೈವ್ ಹೋಗಬಾರದು. ಇದನ್ನು ನಿಯಮವಾಗಿಯೇ ಬರೆದಿಡಿ. ಜಾಗಕ್ಕೆ ಹೋಗಿ ಕಂಡವರನ್ನು ಮಾತಾಡಿಸಿ, ಠಾಣೆಯವರನ್ನು ಕೇಳಿ, ಎರಡೂ ಕಡೆಯ ಹಿರಿಯರ ಜೊತೆ ಕೂತು, ಖಚಿತವಾದದ್ದನ್ನು ಮಾತ್ರ ಹೇಳಿ. ಹಳೆಯ ವಿಡಿಯೊ ಇಂದಿನದೆಂದು ಹರಿದಾಡುತ್ತಿದ್ದರೆ ಅದು ಎಲ್ಲಿಯದು ಎಂದು ಹುಡುಕಿ ತೋರಿಸುವುದು ಆ ದಿನದ ದೊಡ್ಡ ಸೇವೆ. ಮೂಲ ಫೈಲನ್ನು ಅಳಿಸಬೇಡಿ, ಮುಂದೆ ಯಾರೋ ನಿರಪರಾಧಿಗೆ ಅದೇ ಆಸರೆಯಾಗಬಹುದು.

ಗಲಾಟೆ ಇಲ್ಲದ ದಿನಗಳಲ್ಲೇ ಹೆಚ್ಚು ಕೆಲಸವಿದೆ. ಗಣೇಶ ಹಬ್ಬ, ಈದ್‌ಗಳಿಗೆ ಮುಂಚೆ ಠಾಣೆಗಳಲ್ಲಿ ಶಾಂತಿ ಸಭೆ ನಡೆಯುತ್ತದೆ. ಅಲ್ಲಿ ಒಪ್ಪಿಕೊಂಡ ಹಾದಿ, ಸಮಯ, ಶಬ್ದದ ಮಿತಿಗಳನ್ನು ಊರಿಗೆಲ್ಲ ತಿಳಿಸಿ. ನಮ್ಮ ಹಲವು ಹಳ್ಳಿಗಳಲ್ಲಿ ಮೊಹರಂ ಬಂದರೆ ಹಿಂದೂಗಳೂ ಹರಕೆ ಹೊರುತ್ತಾರೆ. ಅದನ್ನು ಸೌಹಾರ್ದದ ಭಾಷಣವಾಗಿ ಮಾಡದೆ, ಆ ಮನೆಯವರು ಹೇಳುವ ಹಾಗೇ ತೆಗೆಯಿರಿ.

ವಾಣಿವಿಲಾಸದ ಹಿನ್ನೀರಿನ ವಿಷಯಕ್ಕೂ ಎರಡೂ ಕಡೆಯವರನ್ನು ಕೇಳುವ ಇದೇ ಕ್ರಮ. ಆರು ನಿಮಿಷದ ಚಿತ್ರವಾದರೆ ಮೂರು ನಿಮಿಷ ಹಿರಿಯೂರಿನ ನಾಲೆಯ ಕೊನೆಯ ರೈತನಿಗೆ, ಮೂರು ನಿಮಿಷ ಹೊಸದುರ್ಗದ ಮುಳುಗಿದ ತೋಟದ ಹೆಣ್ಣುಮಗಳಿಗೆ. ಇಬ್ಬರಿಗೂ ಒಂದೇ ಪ್ರಶ್ನೆ: ನೀರು ಎಷ್ಟಿದ್ದರೆ ನಿಮ್ಮ ಬದುಕು ನಡೆಯುತ್ತದೆ? ನಡುವೆ ಇಲಾಖೆಯ ಎಂಜಿನಿಯರ್ ಒಂದು ನಕ್ಷೆ ಹಿಡಿದು, ಮಟ್ಟ ಒಂದು ಅಡಿ ಇಳಿದರೆ ಎಲ್ಲಿ ಏನಾಗುತ್ತದೆ ಎಂದು ವಿವರಿಸಲಿ. ಮೊದಲು ಎರಡೂ ಊರಿನಲ್ಲಿ ಗೋಡೆಯ ಮೇಲೆ ತೋರಿಸಿ, ಅಲ್ಲಿ ಎದ್ದ ಮಾತುಗಳನ್ನೂ ತೆಗೆದು ಎರಡನೆಯ ಭಾಗ ಮಾಡಿ. ಕೇಬಲ್, ಯೂಟ್ಯೂಬ್ ಎಲ್ಲ ಆಮೇಲೆ.

ಹೆಸರು, ಮುಖ, ಹಣ

ಒಪ್ಪಿಗೆಯನ್ನು ಕ್ಯಾಮೆರಾದ ಮುಂದೆಯೇ ಕೇಳಿ: ಇದನ್ನು ಟಿವಿಯಲ್ಲಿ, ಫೋನಿನಲ್ಲಿ ಎಲ್ಲರೂ ನೋಡುತ್ತಾರೆ, ನಿಮ್ಮ ಮಾಲೀಕರೂ ನೋಡಬಹುದು, ಆಗಬಹುದೇ? ನಾಳೆ ಬೇಡವೆಂದರೆ ತೆಗೆದುಹಾಕುವ ಮಾತು ಕೊಟ್ಟಿರಬೇಕು. ದೌರ್ಜನ್ಯಕ್ಕೆ ಒಳಗಾದ ದಲಿತ ಕುಟುಂಬ ಅದೇ ಊರಿನಲ್ಲಿ ಬಾಳಬೇಕು. ನಿಮ್ಮ ಚಿತ್ರ ಬಂದ ರಾತ್ರಿ ಅವರಿಗೆ ಏನಾದೀತು ಎಂದು ಯೋಚಿಸಿ, ಬೇಕಿದ್ದರೆ ದೂರು ದಾಖಲಾಗಿ ರಕ್ಷಣೆ ಸಿಗುವವರೆಗೆ ಕಾಯಿರಿ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಗುರುತನ್ನು ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಂ, ಮಕ್ಕಳದಾದರೆ ಪೋಕ್ಸೊ ಕಾಯ್ದೆಯ 23ನೇ ಕಲಂ ರಕ್ಷಿಸುತ್ತವೆ. ಹೆಸರು ಮರೆಮಾಡಿ ಮನೆ, ಶಾಲೆ, ತಂದೆಯ ಮುಖ ತೋರಿಸಿದರೂ ತಪ್ಪೇ. ಆರೋಪ ಹೊತ್ತವರ ಉತ್ತರವನ್ನು ಲಿಖಿತವಾಗಿ ಕೇಳಿ, ಕೊಡದಿದ್ದರೆ ಕೇಳಿದ ದಿನಾಂಕವನ್ನು ತೆರೆಯ ಮೇಲೆ ಹಾಕಿ.

ಹಣದ ಬಗ್ಗೆ ಒಂದು ಮಾತು ಮೊದಲೇ ತೀರ್ಮಾನವಾಗಿರಲಿ. ಯಾರ ಬಗ್ಗೆ ಚಿತ್ರ ತೆಗೆಯಬೇಕಾಗಬಹುದೋ ಅವರಿಂದ, ಅಂದರೆ ಗಣಿ, ಕ್ವಾರಿ, ಮರಳು ಗುತ್ತಿಗೆದಾರರಿಂದ, ಚುನಾವಣೆಗೆ ನಿಲ್ಲುವವರಿಂದ ಜಾಹೀರಾತನ್ನೂ ಪಡೆಯಬೇಡಿ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಸಂಘ ಮಾಡಿಕೊಂಡು, ಊರಿನವರಿಂದ ವರ್ಷಕ್ಕೆ ಸಣ್ಣ ಚಂದಾ ಎತ್ತಿ, ಲೆಕ್ಕವನ್ನು ವರ್ಷಕ್ಕೊಮ್ಮೆ ನಿಮ್ಮ ಟಿವಿಯಲ್ಲೇ ಓದಿ. ಅಮೆರಿಕದಲ್ಲೋ ಆಸ್ಟ್ರೇಲಿಯದಲ್ಲೋ ಇರುವ ನಮ್ಮೂರಿನವರು ಕಳಿಸುತ್ತೇವೆ ಎಂದರೆ ಎಚ್ಚರ: ದೃಶ್ಯ ಸುದ್ದಿ ಮಾಡುವ ಸಂಘಗಳು ವಿದೇಶಿ ದೇಣಿಗೆ ಪಡೆಯುವುದನ್ನು 2010ರ ಎಫ್‌ಸಿಆರ್‌ಎ ಕಾಯ್ದೆಯ 3ನೇ ಕಲಂ ನಿಷೇಧಿಸುತ್ತದೆ. ಭಾರತದ ಪೌರತ್ವ ಉಳಿಸಿಕೊಂಡವರು ತಮ್ಮ ಉಳಿತಾಯದಿಂದ ಕೊಟ್ಟರೆ ಅದು ವಿದೇಶಿ ದೇಣಿಗೆಯಲ್ಲ. ವಿದೇಶದ ಪಾಸ್‌ಪೋರ್ಟ್ ಪಡೆದವರದ್ದು ಹೌದು. ಲೆಕ್ಕಪರಿಶೋಧಕರನ್ನು ಕೇಳದೆ ಒಂದು ಪೈಸೆ ತೆಗೆದುಕೊಳ್ಳಬೇಡಿ.

ಕೊನೆಯದಾಗಿ, ತೆಗೆದ ಎಲ್ಲವನ್ನೂ ಎರಡು ಹಾರ್ಡ್ ಡಿಸ್ಕ್‌ಗಳಲ್ಲಿ ಇಡಿ, ಎರಡನ್ನೂ ಒಂದೇ ಮನೆಯಲ್ಲಿ ಇಡಬೇಡಿ. ಫೈಲಿನ ಹೆಸರಿನಲ್ಲಿ ವರ್ಷ, ತಿಂಗಳು, ದಿನ, ಊರು, ವಿಷಯ ಇರಲಿ. ಒಂದು ಪಟ್ಟಿ ಪುಸ್ತಕದಲ್ಲೂ ಬರೆದಿಡಿ. ವರ್ಷದ ಕೊನೆಗೆ ಮುಗಿದ ಚಿತ್ರಗಳ ಒಂದು ಪ್ರತಿಯನ್ನು ತಾಲ್ಲೂಕಿನ ಸಾರ್ವಜನಿಕ ಗ್ರಂಥಾಲಯಕ್ಕೆ, ಇನ್ನೊಂದನ್ನು ಸರ್ಕಾರಿ ಕಾಲೇಜಿನ ಪತ್ರಿಕೋದ್ಯಮ ಅಥವಾ ಕನ್ನಡ ವಿಭಾಗಕ್ಕೆ ರಸೀದಿ ಪಡೆದು ಕೊಡಿ. ಮುಂದಿನ ಸಲ ಕೆರೆ ಕೋಡಿ ಬಿದ್ದಾಗ, ಇಲ್ಲವೇ ಬತ್ತಿದಾಗ, ಪರಿಹಾರದ ಅರ್ಜಿಯ ಜೊತೆ ಲಗತ್ತಿಸಲು ತಾರೀಕು ಸಮೇತ ದೃಶ್ಯಗಳು ಬೇಕಾಗುತ್ತವೆ.